ಫಿಟ್ಸ್ ನಿಂತಿತು, ಇನ್ನು ಏನು ನೋಡಬೇಕು? - ಓದುಗರ ಪ್ರಶ್ನೆ, ತಜ್ಞರ ಉತ್ತರ

ಹುಟ್ಟಿದ ಮೊದಲ ದಿನಗಳಲ್ಲೇ ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಕೂಸಿಗೆ ಫಿಟ್ಸ್ ಬರುವುದರ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಿಂದಲೂ ಘಟ್ಟದ ಮೇಲಿನ ಶಿರಸಿ, ಯಲ್ಲಾಪುರಗಳಿಂದಲೂ ಪತ್ರಗಳು ಬಂದಿವೆ. ಹೆಚ್ಚಿನವರ ಕಾಳಜಿ ಒಂದೇ: ಆಸ್ಪತ್ರೆಯಿಂದ ಮನೆಗೆ ಬಂದಾಯಿತು, ಮಗು ಹಾಲು ಕುಡಿಯುತ್ತಿದೆ, ನಗುತ್ತಿದೆ, ಮುಂದೇನು? ಮಕ್ಕಳ ನರರೋಗ ವೈದ್ಯರು ಮತ್ತು ಫಿಸಿಯೋಥೆರಪಿಸ್ಟ್ ಸೇರಿ ಉತ್ತರಿಸಿದ್ದಾರೆ. ಪತ್ರ ಬರೆದವರ ಹೆಸರನ್ನು ಅವರ ಇಚ್ಛೆಯಂತೆ ಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಮಗನಿಗೆ ಹುಟ್ಟಿದ ಎರಡನೇ ದಿನ ಬಲಗೈ ಅದುರುವ ಫಿಟ್ಸ್ ಬಂತು. ಮಣಿಪಾಲದಲ್ಲಿ ಎಂ.ಆರ್.ಐ. ಮಾಡಿ, ಎಡಭಾಗದ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆ ಎಂದರು. ಈಗ ಐದು ತಿಂಗಳು. ಏನು ಕೊಟ್ಟರೂ ಎಡಗೈಯಲ್ಲೇ ಹಿಡಿಯುತ್ತಾನೆ. ಅತ್ತೆ 'ಅವನ ಅಜ್ಜನೂ ಎಡಚ, ಹೆದರಬೇಡ' ಅನ್ನುತ್ತಾರೆ. ನಡೆಯುವವರೆಗೆ ಕಾಯಬಹುದೇ? - ತಾಯಿ, ಕುಮಟಾ

ಉತ್ತರ: ಕಾಯಬೇಡಿ. ಅತ್ತೆಯವರು ಪ್ರೀತಿಯಿಂದಲೇ ಹೇಳಿದ್ದಾರೆ, ಆದರೆ ಎಡಚ ಬಲಚ ಎನ್ನುವುದು ಒಂದು ವರ್ಷದೊಳಗಿನ ಮಗುವಿನಲ್ಲಿ ತಿಳಿಯುವ ಸಂಗತಿಯಲ್ಲ. ಐದಾರು ತಿಂಗಳ ಕೂಸು ಹತ್ತಿರದಲ್ಲಿರುವ ಕೈ ಯಾವುದೋ ಅದನ್ನು ಚಾಚುತ್ತದೆ. ಬಲಕ್ಕೆ ಹಿಡಿದ ಗಿಲಕಿಗೂ ಎಡಗೈಯನ್ನೇ ಮೈಮೇಲಿಂದ ದಾಟಿಸಿ ತರುತ್ತದೆ ಎಂದರೆ ಅದು ಎಡಗೈಯ ಜಾಣತನವಲ್ಲ, ಬಲಗೈಯ ಬಲ ಕಡಿಮೆ ಎಂಬ ಸುಳಿವು. ಹುಟ್ಟಿನ ಹೊತ್ತಿಗೆ ಅಪಧಮನಿಯಲ್ಲಿ, ಅಂದರೆ ಮಿದುಳಿಗೆ ರಕ್ತ ತರುವ ನಾಳದಲ್ಲಿ, ಹೆಪ್ಪುಗಟ್ಟಿದ ಮಕ್ಕಳಲ್ಲಿ ಮೂರರಲ್ಲಿ ಒಂದಕ್ಕಿಂತ ಕಡಿಮೆಯಿಲ್ಲದಂತೆ, ಕೆಲವು ಕಡೆಯ ಲೆಕ್ಕದಲ್ಲಿ ಅರ್ಧದಷ್ಟು ಮಕ್ಕಳಿಗೆ ಒಂದು ಪಕ್ಕದ ಕೈಕಾಲು ಬಿಗಿಯಾಗುತ್ತದೆ. ಈ ತೊಂದರೆ ಎಡ ಮಿದುಳಿಗೇ ಹೆಚ್ಚು ಆಗುವುದರಿಂದ ಬಲಗೈ ಹಿಂದೆ ಬೀಳುವುದೇ ಹೆಚ್ಚು. ಮೊದಲ ಮೂರು ತಿಂಗಳು ಏನೂ ಕಾಣದೆ ನಾಲ್ಕೈದು ತಿಂಗಳಿಗೆ, ಕೈಚಾಚುವ ವಯಸ್ಸಿಗೆ, ಇದು ಹೊರಬೀಳುತ್ತದೆ. ಮೊದಲು ಸರಿಯಿದ್ದು ಈಗ ಕೆಟ್ಟಿತು ಎಂದಲ್ಲ; ಆ ಕೈಗೆ ಈಗ ಕೆಲಸ ಬಂದಿದೆ, ಅಷ್ಟೆ.

ಮನೆಯಲ್ಲಿ ಹೀಗೆ ನೋಡಿ. ಹೊಟ್ಟೆ ತುಂಬಿ, ನಿದ್ದೆ ಮುಗಿಸಿ ಖುಷಿಯಾಗಿರುವಾಗ ಮಗುವನ್ನು ಬೆನ್ನ ಮೇಲೆ ಮಲಗಿಸಿ. ಕೆಂಪು ಬಟ್ಟೆ ಸುತ್ತಿದ ಚಮಚವನ್ನು ಎದೆಯ ನಡುವಿಗೆ ಐದು ಸಲ, ಬಲಕ್ಕೆ ಐದು ಸಲ ಹಿಡಿಯಿರಿ. ಯಾವ ಕೈ ಬಂತು, ಬೆರಳು ಬಿಚ್ಚಿತೇ, ಹೆಬ್ಬೆರಳು ಮುಷ್ಟಿಯೊಳಗೇ ಮಡಚಿಕೊಂಡಿತೇ ಎಂದು ಬರೆದಿಡಿ. ನಾಲ್ಕು ತಿಂಗಳ ಮೇಲೂ ಹೆಬ್ಬೆರಳು ಒಳಗೇ ಸೇರಿಕೊಂಡಿರುವುದು ಗಮನಿಸಬೇಕಾದ ಲಕ್ಷಣ. ಅಂಗಿ ತೊಡಿಸುವಾಗ ಬಲ ತೋಳು ಬಿಗಿಯಾಗಿ ತಡೆಯುತ್ತದೆಯೇ, ಬಟ್ಟೆ ಬದಲಿಸುವಾಗ ಬಲಗಾಲು ಕಡಿಮೆ ಒದೆಯುತ್ತದೆಯೇ ಎಂಬುದನ್ನೂ ಸೇರಿಸಿ. ಮೂರು ನಾಲ್ಕನೇ ತಿಂಗಳಿನಲ್ಲಿ ತೆಗೆದ ಮೊಬೈಲ್ ವಿಡಿಯೋ ಇದ್ದರೆ ಅಳಿಸಬೇಡಿ. ಮಗು ಅಂಗಾತ ಮಲಗಿ, ಅಳದೆ, ತಾನಾಗಿ ಕೈಕಾಲು ಆಡಿಸುತ್ತಿರುವ ಮೂರು ನಿಮಿಷದ ವಿಡಿಯೋ ತಜ್ಞರಿಗೆ ಬಹಳ ಹೇಳುತ್ತದೆ. ಆ ವಯಸ್ಸಿನಲ್ಲಿ ಕುತ್ತಿಗೆ, ಭುಜ, ಮಣಿಕಟ್ಟುಗಳಲ್ಲಿ ಎಲ್ಲ ದಿಕ್ಕಿಗೂ ಸಣ್ಣ ಸಣ್ಣ ಚಲನೆ ನಿಲ್ಲದೆ ಕಾಣಬೇಕು. ಅದು ಕಾಣದಿದ್ದರೆ, ಅಥವಾ ಒಂದು ಪಕ್ಕ ಕಡಿಮೆಯಿದ್ದರೆ, ಸ್ಕ್ಯಾನ್ ವರದಿಯ ಜೊತೆ ಇಟ್ಟು ಮುಂದಿನದನ್ನು ಅಂದಾಜಿಸುತ್ತಾರೆ.

ಈಗ ಮಾಡುವ ಕೆಲಸ. ದಿನಕ್ಕೆ 30 ನಿಮಿಷ, ವಾರಕ್ಕೆ ಆರು ದಿನ, ಆರು ವಾರ. ಎಡಗೈಗೆ ಮೆತ್ತನೆಯ ಕಾಲುಚೀಲ ಹಾಕಿ, ಬಲಗೈಗೆ ಆಟ ಕೊಡಿ. ಆರು ವಾರ ಬಿಟ್ಟು ಮತ್ತೆ ಆರು ವಾರ. 30 ನಿಮಿಷವನ್ನು ಒಂದೇ ಬಾರಿಗೆ ಮುಗಿಸಬೇಕೆಂದಿಲ್ಲ, ಹತ್ತು ಹತ್ತು ನಿಮಿಷ ಮೂರು ಸಲವೂ ಆದೀತು. ಮಗುವನ್ನು ತೊಡೆಯ ಮೇಲೋ ಆಸರೆ ಕೊಟ್ಟ ಕುರ್ಚಿಯಲ್ಲೋ ಕೂರಿಸಿ. ಬೆನ್ನಿಗೆ ಆಸರೆ ಇಲ್ಲದಿದ್ದರೆ ಕೈ ಸಮತೋಲಕ್ಕೇ ಖರ್ಚಾಗಿಬಿಡುತ್ತದೆ. ವಸ್ತು ಹಗುರವಿರಲಿ, ಹಿಡಿ ತೆಳುವಿರಲಿ, ಅಲ್ಲಾಡಿಸಿದರೆ ಶಬ್ದ ಬರಲಿ. ಮೊದಲು ಬಲಗೈಯ ಹತ್ತಿರ ಇಟ್ಟು, ದಿನ ಕಳೆದಂತೆ ದೂರ ಸರಿಸಿ. ಅಡಿಕೆ, ಕಡಲೆಕಾಯಿ, ಗುಂಡಿಯಂಥ ಸಣ್ಣ ವಸ್ತು ಬೇಡವೇ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಇದು ಎಲ್ಲಿ ಕೆಡುತ್ತದೆ ಎಂದರೆ, ಬೇಗ ಸರಿಯಾಗಲಿ ಎಂಬ ಆತುರದಲ್ಲಿ ಒಳ್ಳೆಯ ಕೈಯನ್ನು ದಿನವಿಡೀ ಕಟ್ಟಿಬಿಡುವಲ್ಲಿ. ಬೆಳೆಯುವ ಮಿದುಳಿಗೆ ಎಡಗೈಯ ಅನುಭವವೂ ಬೇಕು, ಕಟ್ಟಿಟ್ಟರೆ ಅದೂ ಸೊರಗುತ್ತದೆ, ಮಗುವಿಗೆ ಆಟವೇ ಬೇಸರವಾಗುತ್ತದೆ. ಉಳಿದ ಹೊತ್ತಿನಲ್ಲಿ ಎರಡೂ ಕೈ ಬೇಕಾಗುವ ಆಟ ಕೊಡಿ: ದೊಡ್ಡ ಚೆಂಡು, ಎರಡು ಲೋಟ ಕುಟ್ಟುವುದು, ಒಂಬತ್ತು ಹತ್ತು ತಿಂಗಳ ಮೇಲೆ ಕಾಗದ ಹರಿಯುವುದು. ಮೀಯಿಸುವ ಅಜ್ಜಿ ಎಣ್ಣೆ ತಿಕ್ಕುವುದಕ್ಕೆ ಅಡ್ಡಿಯಿಲ್ಲ. ಆದರೆ ಬಿಗಿಯಾದ ತೋಳನ್ನು ಜಗ್ಗಿ ಎಳೆಯಬಾರದು, ಮೂಗಿಗೆ ಎಣ್ಣೆ ಬಿಡಬಾರದು. ತಿಕ್ಕಿದರೆ ಮೈ ಹಗುರಾಗುತ್ತದೆ, ನಿಜ. ಕೈ ಕಲಿಯುವುದು ಮಾತ್ರ ಮಗು ತಾನೇ ಚಾಚಿದಾಗ.

ಫಿಸಿಯೋಥೆರಪಿಸ್ಟರನ್ನು ಈ ವಾರವೇ ನೋಡಿ. ಜಿಲ್ಲಾ ಆಸ್ಪತ್ರೆಯ ಆರಂಭಿಕ ಮಧ್ಯಸ್ಥಿಕೆ ಕೇಂದ್ರಗಳು, ಅಂದರೆ ಡಿ.ಇ.ಐ.ಸಿ.ಗಳು, 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ನಡೆಯುತ್ತವೆ, ಇಂಥ ಮಕ್ಕಳಿಗಾಗಿಯೇ ಇವೆ. ಇನ್ನೊಂದು ಮಾತು: ಒಂದು ಪಕ್ಕ ಬಿಗಿಯಾದ ಮಕ್ಕಳಲ್ಲಿ ಬಹುತೇಕ ಎಲ್ಲರೂ ನಡೆಯುತ್ತಾರೆ, ಹೆಚ್ಚಿನವರು ಎರಡು ವರ್ಷದೊಳಗೇ. ಹಾಗಾಗಿ 'ನಡೆದರೆ ಸಾಕು' ಎಂದು ಕಾದ ಮನೆಯವರಿಗೆ ನಡೆಯುವ ಹೊತ್ತಿಗೆ ಕೈಯ ಅತ್ಯುತ್ತಮ ತಿಂಗಳುಗಳು ಕೈಬಿಟ್ಟಿರುತ್ತವೆ.

ಪ್ರಶ್ನೆ: ನಮ್ಮ ಕೂಸು ಏಪ್ರಿಲ್ ತಿಂಗಳಲ್ಲಿ ಹುಟ್ಟಿದ್ದು. ಎಂಟನೇ ದಿನ ಹಾಲು ಬಿಟ್ಟು ಮಂಕಾಯಿತು, ಫಿಟ್ಸ್ ಬಂತು. ಹುಬ್ಬಳ್ಳಿಯಲ್ಲಿ ಮಿದುಳಿನ ಅಭಿಧಮನಿಯಲ್ಲಿ ಹೆಪ್ಪುಗಟ್ಟಿದೆ, ಒಳಗೆ ಸ್ವಲ್ಪ ರಕ್ತಸ್ರಾವವೂ ಆಗಿದೆ ಎಂದರು. ಮೂರು ತಿಂಗಳು ತೊಡೆಗೆ ಚುಚ್ಚುಮದ್ದು ಕೊಟ್ಟೆವು. ಮೊನ್ನೆ ಸ್ಕ್ಯಾನ್‌ನಲ್ಲಿ ನಾಳ ತೆರೆದುಕೊಂಡಿದೆ ಅಂದರು. ಇಲ್ಲಿಗೆ ಮುಗಿಯಿತೇ? - ತಂದೆ, ಶಿರಸಿ ತಾಲ್ಲೂಕು

ಉತ್ತರ: ನಿಮ್ಮದು ಅಡಿಕೆ ತೋಟದ ಊರು, ತೋಟದ ಮಾತಿನಲ್ಲೇ ಹೇಳಬಹುದು. ಅಪಧಮನಿ ಕಟ್ಟಿಕೊಂಡರೆ ಗಿಡಕ್ಕೆ ನೀರು ಬರುವ ಕಾಲುವೆ ಕಟ್ಟಿದಂತೆ, ಆ ಭಾಗ ಒಣಗುತ್ತದೆ. ಅಭಿಧಮನಿ ಕಟ್ಟಿಕೊಂಡರೆ ಬಸಿಗಾಲುವೆ ಕಟ್ಟಿದಂತೆ, ನೀರು ನಿಂತು ಬೇರು ಕೊಳೆಯುತ್ತದೆ. ಮಿದುಳಿನಲ್ಲಿ ಅದು ಬಾವು, ಒತ್ತಡ, ರಕ್ತಸ್ರಾವದ ರೂಪದಲ್ಲಿ ಕಾಣುತ್ತದೆ. ಬಸಿಗಾಲುವೆ ಈಗ ಬಿಡಿಸಿಯಾಗಿದೆ. ಅದು ಒಳ್ಳೆಯ ಸುದ್ದಿಯೇ, ಚುಚ್ಚುಮದ್ದಿನ ಕೆಲಸ ಹೆಪ್ಪು ಬೆಳೆಯದಂತೆ ತಡೆಯುವುದಾಗಿತ್ತು. ನೀರು ನಿಂತ ದಿನಗಳಲ್ಲಿ ಬೇರಿಗೆ ಎಷ್ಟು ಪೆಟ್ಟಾಗಿದೆ ಎಂಬುದನ್ನು ತೆರೆದ ನಾಳ ಹೇಳುವುದಿಲ್ಲ. ಅದನ್ನು ಮಗುವಿನ ಬೆಳವಣಿಗೆ ಹೇಳಬೇಕು.

ವರದಿ ತೆಗೆದು ಒಂದು ಶಬ್ದ ಹುಡುಕಿ: ಥಲಾಮಸ್. ಅದು ಮಿದುಳಿನ ಆಳದ ಒಂದು ಭಾಗ. ದಿನ ತುಂಬಿ ಹುಟ್ಟಿದ ಕೂಸಿನ ಥಲಾಮಸ್ ಮತ್ತು ಮಿದುಳಿನ ಕುಹರಗಳಲ್ಲಿ, ಅಂದರೆ ನೀರು ತುಂಬಿದ ಪೊಳ್ಳುಗಳಲ್ಲಿ, ರಕ್ತ ಕಂಡರೆ ಒಳಗಿನ ಆಳದ ಅಭಿಧಮನಿ ಕಟ್ಟಿತ್ತು ಎಂದು ವೈದ್ಯರು ಮೊದಲು ಶಂಕಿಸುತ್ತಾರೆ. ಥಲಾಮಸ್ಸಿಗೆ ಪೆಟ್ಟಾದ ಮಕ್ಕಳಲ್ಲಿ ವರ್ಷಗಳ ನಂತರ ಒಂದು ವಿಚಿತ್ರ ತೊಂದರೆ ಬರಬಹುದು. ಎಚ್ಚರವಿರುವಾಗ ಫಿಟ್ಸ್ ಇಲ್ಲದೆಯೂ ಇರಬಹುದು, ಅಥವಾ ಅಪರೂಪವಾಗಿರಬಹುದು. ನಿದ್ದೆ ಹತ್ತಿದ ಕೂಡಲೇ ಮಿದುಳಿನಲ್ಲಿ ವಿದ್ಯುತ್ ಅಲೆಗಳ ಗದ್ದಲ ಶುರುವಾಗಿ ರಾತ್ರಿಯಿಡೀ ನಡೆಯುತ್ತದೆ. ಹೊರಗೆ ಕಾಣುವುದು ಇಷ್ಟೇ: ನಾಲ್ಕೈದು ವರ್ಷದ ಮಗು ಕಲಿತ ಮಾತು ಮರೆಯುತ್ತದೆ, ಹಠಮಾರಿಯಾಗುತ್ತದೆ, ಅಂಗನವಾಡಿ ಟೀಚರ್ 'ಮೊದಲಿನ ಹಾಗಿಲ್ಲ' ಅನ್ನುತ್ತಾರೆ. ಮನೆಯವರು ಮೊಬೈಲ್ ಚಟ ಎಂದುಕೊಳ್ಳುತ್ತಾರೆ. ಎಚ್ಚರದಲ್ಲಿ ಮಾಡಿದ ಇ.ಇ.ಜಿ.ಯಲ್ಲಿ (ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ) ಇದು ಪೂರ್ತಿ ಸಿಗುವುದಿಲ್ಲ, ನಿದ್ದೆಯ ಇ.ಇ.ಜಿ.ಯೇ ಬೇಕು. ನಿಮ್ಮ ವರದಿಯಲ್ಲಿ ಆ ಶಬ್ದವಿದ್ದರೆ, ನಿದ್ದೆಯ ಇ.ಇ.ಜಿ. ಯಾವ ಯಾವ ವಯಸ್ಸಿಗೆ ಆಗಬೇಕೆಂದು ವೈದ್ಯರಿಂದ ಈಗಲೇ ಬರೆಸಿಕೊಳ್ಳಿ. ಮಗು ಕಲಿತದ್ದನ್ನು ಮರೆಯುವಂತೆ ಕಂಡರೆ ಆ ದಿನಕ್ಕೆ ಕಾಯದೆ ಹೋಗಿ.

ಇ.ಇ.ಜಿ.ಗೆ ಹೋಗುವಾಗ ನಮ್ಮ ಕಡೆಯವರು ತಪ್ಪುವುದು ಒಂದೇ ವಿಷಯದಲ್ಲಿ, ಕೊಬ್ಬರಿ ಎಣ್ಣೆ. ಎಣ್ಣೆ ಹಚ್ಚಿದ ತಲೆಗೆ ತಂತಿಯ ಬಿಲ್ಲೆಗಳು ಹಿಡಿಯುವುದಿಲ್ಲ, ದಾಖಲೆ ತುಂಬ ಗೀಚು ಬರುತ್ತದೆ. ಹಿಂದಿನ ದಿನವೇ ಶಾಂಪೂ ಹಾಕಿ ಎರಡು ಸಲ ತೊಳೆದು ಒಣಗಿಸಿ, ಬೆಳಿಗ್ಗೆ ಎಣ್ಣೆ ಮುಟ್ಟಿಸಬೇಡಿ. ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೇಗ ಎಬ್ಬಿಸಿ. ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರ್ ದಾರಿ. ಬಸ್ಸಿನಲ್ಲೇ ಮಗು ನಿದ್ದೆ ಮುಗಿಸಿದರೆ ಪರೀಕ್ಷೆಯ ಹೊತ್ತಿಗೆ ಕಣ್ಣರಳಿಸಿ ಕೂರುತ್ತದೆ. ದಾರಿಯುದ್ದಕ್ಕೂ ಆಟವಾಡಿಸಲು ಜೊತೆಗೊಬ್ಬರು ಇರಲಿ. ಫಿಟ್ಸ್ ಮಾತ್ರೆ ನಡೆಯುತ್ತಿದ್ದರೆ, ವೈದ್ಯರು ಹೇಳದ ಹೊರತು ಅದನ್ನು ತಪ್ಪಿಸಬಾರದು.

ಸದ್ಯಕ್ಕೆ ತಲೆಯ ಸುತ್ತಳತೆ ಅಳೆಯುತ್ತಿರಿ. ಕುಹರದಲ್ಲಿ ರಕ್ತ ಸೋರಿದ್ದರೆ ಮಿದುಳಿನ ನೀರು ಹರಿಯುವ ದಾರಿ ಕಟ್ಟಿ, ನೀರು ತುಂಬಿಕೊಳ್ಳಬಹುದು. ಹುಟ್ಟಿದಾಗ ಸುಮಾರು 35 ಸೆಂಟಿಮೀಟರ್ ಇರುವ ತಲೆ ಮೊದಲ ಮೂರು ತಿಂಗಳು ತಿಂಗಳಿಗೆ 2, ಮುಂದಿನ ಮೂರು ತಿಂಗಳು ತಿಂಗಳಿಗೆ 1, ಆಮೇಲೆ ಅರ್ಧ ಸೆಂಟಿಮೀಟರಿನಂತೆ ಬೆಳೆಯುತ್ತದೆ. ಒಂದೇ ಟೇಪು, ಹುಬ್ಬಿನ ಮೇಲಿಂದ ಹಿಂದಲೆಯ ಉಬ್ಬಿನವರೆಗೆ ಸುತ್ತಿ, ಮೂರು ಸಲ ಅಳೆದು ದೊಡ್ಡದನ್ನು ಬರೆಯಿರಿ. ಅಳತೆ ಇದಕ್ಕಿಂತ ವೇಗವಾಗಿ ಏರಿದರೆ, ನೆತ್ತಿ ಉಬ್ಬಿದರೆ, ಕಣ್ಣುಗುಡ್ಡೆ ಕೆಳಗೇ ಜಾರಿದಂತಿದ್ದರೆ, ವಾಂತಿ ಹೆಚ್ಚಾದರೆ ಅಂದೇ ಹೋಗಿ. ಈ ತೊಂದರೆಯಾದ ಮಕ್ಕಳಲ್ಲಿ ಎಷ್ಟೋ ಮಂದಿ ಯಾವ ಕೊರತೆಯೂ ಇಲ್ಲದೆ ಬೆಳೆಯುತ್ತಾರೆ. ಯಾರು ಆ ಗುಂಪಿನವರು ಎಂದು ಮೊದಲ ವರ್ಷದಲ್ಲೇ ಯಾರೂ ಬರೆದುಕೊಡಲಾರರು. ಅದಕ್ಕೇ 3-4 ತಿಂಗಳು, 9-12 ತಿಂಗಳು, 2 ವರ್ಷ, ಶಾಲೆಗೆ ಸೇರುವ ಮೊದಲು, ಮತ್ತೆ ಮೂರನೇ ನಾಲ್ಕನೇ ತರಗತಿಯಲ್ಲಿ - ಇಷ್ಟು ಸಲವಾದರೂ ತೋರಿಸಲೇಬೇಕು.

ಪ್ರಶ್ನೆ: ಕೂಸಿನ ಮಿದುಳಿನಲ್ಲಿ ಹೆಪ್ಪುಗಟ್ಟಿದ ಪ್ರಸಂಗ ನಮ್ಮ ಊರಲ್ಲೂ ಆಯಿತು. ಬಾಣಂತಿ ನೀರು ಕುಡಿದದ್ದು ಹೆಚ್ಚಾಯಿತು ಎಂದು ಕೆಲವರು, ಕಡಿಮೆಯಾಯಿತು ಎಂದು ಕೆಲವರು ಆ ಹುಡುಗಿಯನ್ನೇ ದೂರುತ್ತಿದ್ದಾರೆ. ಇದನ್ನು ಮೊದಲೇ ತಡೆಯಲು ಆಗುತ್ತದೆಯೇ? - ಆಶಾ ಕಾರ್ಯಕರ್ತೆ, ಅಂಕೋಲಾ

ಉತ್ತರ: ತಾಯಿಯನ್ನು ದೂರುವುದು ತಪ್ಪು. ಹೆಪ್ಪುಗಟ್ಟಲು ಸೋಂಕು, ಮಿದುಳಿನ ಪೊರೆಯ ಉರಿಯೂತ, ಹೆರಿಗೆಯಲ್ಲಿ ಉಸಿರುಕಟ್ಟುವುದು, ರಕ್ತ ಗಟ್ಟಿಯಾಗಿರುವುದು, ಹೃದಯದ ಹುಟ್ಟು ದೋಷ, ಗರ್ಭಿಣಿಯ ರಕ್ತದೊತ್ತಡ - ಹೀಗೆ ಹಲವು ಕಾರಣ ಸೇರುತ್ತವೆ. ಎಷ್ಟೋ ಸಲ ಒಂದನ್ನೂ ಬೆರಳಿಟ್ಟು ತೋರಿಸಲಾಗುವುದಿಲ್ಲ.

ತಡೆಯಬಹುದಾದದ್ದು ಒಂದಿದೆ, ಮಗುವಿನ ಮೈ ಒಣಗುವುದು. ಚೊಚ್ಚಲ ಬಾಣಂತಿ, ಎದೆಹಾಲು ಇನ್ನೂ ಇಳಿದಿಲ್ಲ, ಹೊರಗೆ ಏಪ್ರಿಲ್ ಸೆಕೆ, ಬಾಣಂತಿ ಕೋಣೆಯಲ್ಲಿ ಬಾಗಿಲು ಮುಚ್ಚಿ ಬೆಂಕಿ. ಮಗು 'ಅಳುವುದೇ ಇಲ್ಲ, ಪಾಪ, ಬಹಳ ಒಳ್ಳೆಯದು' ಎಂದು ಮನೆಯವರು ಹೇಳುತ್ತಾರೆ. ಅಳದೆ ಮಲಗಿಯೇ ಇರುವ ಐದನೇ ದಿನದ ಕೂಸನ್ನು ಒಮ್ಮೆ ತೂಗಿ. ಮೂರು ಕೆ.ಜಿ. ಹುಟ್ಟಿದ್ದು 2 ಕೆ.ಜಿ. 700 ಗ್ರಾಂಗೆ ಇಳಿದಿದ್ದರೆ ಹತ್ತಕ್ಕೆ ಒಂದು ಪಾಲು ಹೋಗಿದೆ, ಅಂದೇ ಆಸ್ಪತ್ರೆಗೆ ಕಳಿಸಿ. ಐದನೇ ದಿನದ ಮೇಲೆ ದಿನಕ್ಕೆ ಆರು ಬಟ್ಟೆಯಾದರೂ ಒದ್ದೆಯಾಗಬೇಕು. ಮೂತ್ರದ ಬಟ್ಟೆಯಲ್ಲಿ ಇಟ್ಟಿಗೆ ಬಣ್ಣದ ಕಲೆ ಆ ದಿನಗಳಲ್ಲೂ ಕಾಣುತ್ತಿದ್ದರೆ ಹಾಲು ಸಾಲುತ್ತಿಲ್ಲ. ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳಬೇಕು. 3, 7, 14, 21, 28, 42ನೇ ದಿನಗಳ ನಿಮ್ಮ ಮನೆಭೇಟಿಯಲ್ಲಿ ಮೊದಲ ಎರಡು ಇದಕ್ಕೆ ಬಹಳ ಮುಖ್ಯ. ತಕ್ಕಡಿ ಬಿಟ್ಟು ಹೋಗಬೇಡಿ.

ಸಕ್ಕರೆ ನೀರು, ಬಜೆ, ಜೇನುತುಪ್ಪ ಯಾವುದೂ ಇದಕ್ಕೆ ಮದ್ದಲ್ಲ. ನೀರು ಕಡಿಮೆಯಾದ ಕೂಸಿನ ರಕ್ತದಲ್ಲಿ ಉಪ್ಪಿನಂಶ ಏರಿರುತ್ತದೆ. ಮನೆಯಲ್ಲಿ ಅವಸರದಿಂದ ನೀರು ಕುಡಿಸಿದರೆ ಉಪ್ಪು ಒಮ್ಮೆಗೇ ಇಳಿದು ಮಿದುಳು ಬಾತು ಮತ್ತೆ ಫಿಟ್ಸ್ ಬರಬಹುದು. ಆಸ್ಪತ್ರೆಯಲ್ಲಿ ಅದನ್ನು ಎರಡು ದಿನ ಹಿಡಿದು ನಿಧಾನ ಇಳಿಸುತ್ತಾರೆ. ಬಾಣಂತಿಗೆ ಬಾಯಾರಿದಷ್ಟು ನೀರು ಕೊಡಲಿ, ಕೋಣೆಯ ಕಿಟಕಿ ತೆರೆಯಲಿ, ಎರಡು ಮೂರು ಗಂಟೆಗೊಮ್ಮೆ ಎಬ್ಬಿಸಿಯಾದರೂ ಹಾಲೂಡಿಸಲಿ.

ನವಜಾತ ಕೂಸಿನ ಫಿಟ್ಸ್ ದೊಡ್ಡವರ ಹಾಗೆ ಕಾಣುವುದಿಲ್ಲ, ಅದನ್ನೂ ಮನೆಯವರಿಗೆ ಹೇಳಿಕೊಡಿ. ಒಂದೇ ಕೈಯೋ ಕಾಲೋ ತಾಳ ಹಾಕಿದಂತೆ ಅದುರುತ್ತದೆ. ತುಟಿ ಚಪ್ಪರಿಸುತ್ತದೆ, ಸೈಕಲ್ ತುಳಿದಂತೆ ಕಾಲಾಡಿಸುತ್ತದೆ, ಕಣ್ಣು ಒಂದೆಡೆ ನಿಂತು ಮೈ ನೀಲಿಯಾಗುತ್ತದೆ. ನಿಮ್ಮ ಕೈಯಿಂದ ಮೆಲ್ಲಗೆ ಹಿಡಿದರೆ ನಿಲ್ಲುವುದು ಬರೀ ನಡುಕ, ಹಿಡಿದರೂ ಒಳಗೊಳಗೇ ಬಡಿಯುತ್ತಿದ್ದರೆ ಫಿಟ್ಸ್. ಪಕ್ಕಕ್ಕೆ ಹೊರಳಿಸಿ, ಬಾಯಿಗೆ ಏನೂ ಹಾಕಬೇಡಿ, ಅರ್ಧ ನಿಮಿಷ ವಿಡಿಯೋ ತೆಗೆದು 108ಕ್ಕೆ ಕರೆ ಮಾಡಿ. ಬಾಲಗ್ರಹ ಎಂದು ಬರೆ ಹಾಕಿಸುವುದು ಕೂಸಿಗೆ ಮಾಡುವ ಹಿಂಸೆ. ಅದರಿಂದ ಹೋಗುವುದು ಚಿಕಿತ್ಸೆಯ ಹೊತ್ತು, ಬರುವುದು ಹೊಸ ಸೋಂಕು.

ಪ್ರಶ್ನೆ: ಮಗಳಿಗೆ ಈಗ ಹತ್ತು ತಿಂಗಳು. ಹುಟ್ಟಿದಾಗಿನಿಂದ ಫಿನೋಬಾರ್ಬಿಟೋನ್ ಸಿರಪ್ ಕೊಡುತ್ತಿದ್ದೇವೆ. ಮತ್ತೆ ಫಿಟ್ಸ್ ಬಂದಿಲ್ಲ. ನಿಲ್ಲಿಸಲು ಹೆದರಿಕೆ, ಕೊಡಲೂ ಹೆದರಿಕೆ. - ತಂದೆ, ಭಟ್ಕಳ

ಉತ್ತರ: ಮೊದಲ ವಾರದ ಫಿಟ್ಸ್ ಹೊಸ ಗಾಯದ ಫಿಟ್ಸ್. ಕೆಲವೇ ದಿನಗಳಲ್ಲಿ ಅಡಗುತ್ತದೆ. ಮಗುವಿನ ತಪಾಸಣೆ ಚೆನ್ನಾಗಿದ್ದರೆ ಔಷಧಿಯನ್ನು ಮನೆಗೆ ಕಳಿಸುವ ಮೊದಲೇ ನಿಲ್ಲಿಸಬೇಕೆಂಬುದು ಈಗಿನ ಅಂತರರಾಷ್ಟ್ರೀಯ ಸಲಹೆ. ಮುಂದೆ ಬರಬಹುದಾದ ಮೂರ್ಛೆರೋಗವನ್ನು ಈ ಸಿರಪ್ ತಡೆಯುವುದಿಲ್ಲ. ತಿಂಗಳುಗಟ್ಟಲೆ ಕೊಟ್ಟರೆ ಮಗು ಮಂಪರಾಗಬಹುದು, ಇಲ್ಲವೇ ಕಿರಿಕಿರಿ ಮಾಡಬಹುದು. ಆದ್ದರಿಂದ ನಿಲ್ಲಿಸುವ ಮಾತನ್ನು ನೀವೇ ವೈದ್ಯರ ಮುಂದೆ ತೆಗೆಯಿರಿ. ಆದರೆ ನಿಮ್ಮಷ್ಟಕ್ಕೆ ಬಾಟಲಿ ಎತ್ತಿಡಬೇಡಿ. ಹತ್ತು ತಿಂಗಳಿಂದ ಅಭ್ಯಾಸವಾದ ಮಿದುಳಿಗೆ ಒಮ್ಮೆಲೇ ತಪ್ಪಿಸಿದರೆ, ಅದೇ ಕಾರಣಕ್ಕೆ ಫಿಟ್ಸ್ ಬರಬಹುದು. ವೈದ್ಯರು ವಾರಗಳ ಲೆಕ್ಕದಲ್ಲಿ ಮೆಟ್ಟಿಲಿಳಿಸಿದಂತೆ ಇಳಿಸುತ್ತಾರೆ.

ಅಲ್ಲಿಯವರೆಗೆ ಅಳತೆಯ ತಪ್ಪಾಗದಿರಲಿ. ಚೀಟಿಯಲ್ಲಿ ಎಂ.ಎಲ್. ಬದಲು ಮಿಲಿಗ್ರಾಂ ಬರೆಸಿಕೊಳ್ಳಿ, ಅಂಗಡಿಯಲ್ಲಿ ಪ್ರತಿ ಸಲ ಬಾಟಲಿಯ ಮೇಲಿನದನ್ನು ಓದಿ. 5 ಎಂ.ಎಲ್.ನಲ್ಲಿ 20 ಮಿಲಿಗ್ರಾಂ ಇರುವ ಸಿರಪ್ಪಿನಲ್ಲಿ 15 ಮಿಲಿಗ್ರಾಂ ಎಂದರೆ 3.75 ಎಂ.ಎಲ್. ಬೇರೆ ಕಂಪನಿಯ ಬಾಟಲಿಯಲ್ಲಿ ಪ್ರಮಾಣ ಬೇರೆಯಿದ್ದರೆ ಅದೇ ಗೆರೆಯವರೆಗೆ ತುಂಬಿದಾಗ ಡೋಸೇ ಬದಲಾಗುತ್ತದೆ. ಮನೆಯ ಚಮಚ ಬೇಡ, ಸೂಜಿಯಿಲ್ಲದ ಸಿರಿಂಜ್ ಬಳಸಿ.

ಇನ್ನೊಂದನ್ನು ಈ ವಯಸ್ಸಿನಲ್ಲಿ ಕಣ್ಣಿಟ್ಟು ನೋಡಿ. ನಿದ್ದೆಯಿಂದ ಎದ್ದ ಕೂಡಲೇ ಮಗು ತಲೆ ಬಗ್ಗಿಸಿ, ಎರಡೂ ತೋಳು ಚಾಚಿ, ನಮಸ್ಕಾರಕ್ಕೆ ಬಾಗಿದಂತೆ ಒಂದು ಕ್ಷಣ ಬೆಚ್ಚುತ್ತದೆ. ಕೆಲವು ಸೆಕೆಂಡು ಬಿಟ್ಟು ಮತ್ತೆ, ಮತ್ತೆ, ಹೀಗೆ ಗೊಂಚಲಾಗಿ ಬರುತ್ತದೆ. ಹೊಟ್ಟೆನೋವು, ಹೆದರಿಕೆ ಎಂದು ಮನೆಯವರು ದಿನ ತಳ್ಳುತ್ತಾರೆ. ಇದು ಶಿಶುಗಳ ಸ್ಪಾಸಮ್, ಮೂರರಿಂದ ಹನ್ನೆರಡು ತಿಂಗಳ ನಡುವೆ ಹೆಚ್ಚು. ಪ್ರತಿ ವಾರದ ವಿಳಂಬವೂ ಬುದ್ಧಿ ಬೆಳವಣಿಗೆಯನ್ನು ತಿನ್ನುತ್ತದೆ. ವಿಡಿಯೋ ತೆಗೆದು ಒಂದೆರಡು ದಿನದೊಳಗೆ ಇ.ಇ.ಜಿ. ಆಗಲೇಬೇಕು. ಎ.ಸಿ.ಟಿ.ಎಚ್. ಚುಚ್ಚುಮದ್ದು, ಪ್ರೆಡ್ನಿಸೊಲೋನ್ ಅಥವಾ ವಿಗಾಬಾಟ್ರಿನ್ ಇದರ ಔಷಧಿಗಳು.

ಪ್ರಶ್ನೆ: ಮೊಮ್ಮಗಳಿಗೆ ಎಡ ಮಿದುಳಲ್ಲಿ ಹೆಪ್ಪುಗಟ್ಟಿತ್ತು. ಎರಡು ವರ್ಷವಾಯಿತು, ಮಾತು ಕಡಿಮೆ. ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ. ಒಂದು ಭಾಷೆ ಬಿಡಿ ಎನ್ನುತ್ತಾರೆ. - ಅಜ್ಜಿ, ಕಾರವಾರ

ಉತ್ತರ: ಬಿಡಬೇಡಿ ಅಮ್ಮ. ಎರಡು ಭಾಷೆ ಮಿದುಳಿಗೆ ಹೊರೆಯಲ್ಲ, ನೀವು ಮನಸ್ಸು ಬಿಚ್ಚಿ ಮಾತಾಡುವ ಭಾಷೆಯನ್ನೇ ಕಿತ್ತುಕೊಂಡರೆ ಮಗುವಿಗೆ ಕೇಳುವ ಮಾತೇ ಕಡಿಮೆಯಾಗುತ್ತದೆ. ಎರಡೂ ಭಾಷೆ ಸೇರಿಸಿ ಎಣಿಸಿ: 'ಉದಾಕ' ಒಂದು, 'ನೀರು' ಇನ್ನೊಂದು. ಎರಡು ವರ್ಷಕ್ಕೆ ಐವತ್ತರಷ್ಟು ಶಬ್ದ, ಎರಡೆರಡು ಜೋಡಿಸಿ ಹೇಳುವುದು ಇರಬೇಕು. ಇಲ್ಲದಿದ್ದರೆ ಮೊದಲು ಕಿವಿಯ ಪರೀಕ್ಷೆ. ಐ.ಸಿ.ಯು.ನಲ್ಲಿದ್ದ ಕೂಸುಗಳಿಗೆ ಹುಟ್ಟಿದಾಗ ಪಾಸಾಗಿದ್ದರೂ ಬೇರಾ ಎಂಬ ಪರೀಕ್ಷೆಯನ್ನು ಮತ್ತೆ ಮಾಡಿಸುವುದು ಒಳ್ಳೆಯದು. ನಂತರ ವಾಕ್‌ ಚಿಕಿತ್ಸೆ.

ದೊಡ್ಡವರಿಗೆ ಎಡ ಮಿದುಳಲ್ಲಿ ಸ್ಟ್ರೋಕ್ ಆದರೆ ಮಾತು ಬಿದ್ದುಹೋಗುವುದನ್ನು ನೀವು ಕಂಡಿರಬಹುದು. ಕೂಸುಗಳಲ್ಲಿ ಹಾಗಲ್ಲ. ಮಾತಿನ ಕೆಲಸವನ್ನು ಬಲ ಮಿದುಳು ವಹಿಸಿಕೊಳ್ಳಬಲ್ಲದು, ಹೆಚ್ಚಿನವರು ಮಾತು ಕಲಿಯುತ್ತಾರೆ. ಫಿಟ್ಸ್ ಮತ್ತೆ ಮತ್ತೆ ಬರುವ ಮಕ್ಕಳಲ್ಲಿ ಈ ಹೊಂದಾಣಿಕೆ ಕುಂಟುತ್ತದೆ.

ಪ್ರಶ್ನೆ: ಇನ್ನೊಮ್ಮೆ ಹೆಪ್ಪುಗಟ್ಟುತ್ತದೆಯೇ? ಎರಡನೇ ಮಗುವಿಗೂ ಆಗುತ್ತದೆಯೇ? ಲಸಿಕೆ ಹಾಕಿಸಬಹುದೇ? - ದಂಪತಿ, ಯಲ್ಲಾಪುರ

ಉತ್ತರ: ಹುಟ್ಟಿನ ಹೊತ್ತಿನ ಅಪಧಮನಿಯ ತೊಂದರೆ ಅದೇ ಮಗುವಿಗೆ ಮರುಕಳಿಸುವುದು ಬಹಳ ಅಪರೂಪ, ನೂರರಲ್ಲಿ ಒಂದರ ಆಸುಪಾಸು. ಹೃದಯದ ದೋಷವಿದ್ದರೆ ಮಾತ್ರ ಲೆಕ್ಕ ಬೇರೆ. ಎರಡನೇ ಮಗುವಿಗೂ ಆಗುವ ಸಂಭವ ಕಡಿಮೆಯೇ. ಆದರೂ ಗರ್ಭಿಣಿಯಾದ ಕೂಡಲೇ ವೈದ್ಯರಿಗೆ ಈ ವಿಷಯ ಹೇಳಿ, ತಾಯಿ ಕಾರ್ಡಿನಲ್ಲಿ ಬರೆಸಿ. ಲಸಿಕೆ ಹಾಕಿಸಿ. ಫಿಟ್ಸ್ ಇನ್ನೂ ಹತೋಟಿಗೆ ಬಂದಿಲ್ಲದಿದ್ದರೆ ನಾಯಿಕೆಮ್ಮಿನ ಅಂಶವಿರುವ ಲಸಿಕೆಯ ದಿನವನ್ನು ವೈದ್ಯರು ನಿರ್ಧರಿಸಲಿ. ರಕ್ತ ತೆಳುಮಾಡುವ ಚುಚ್ಚುಮದ್ದು ನಡೆಯುತ್ತಿದ್ದರೆ ಲಸಿಕೆ ಹಾಕುವವರಿಗೆ ಮೊದಲೇ ತಿಳಿಸಿ, ತೆಳುವಾದ ಸೂಜಿ ಬಳಸಿ, ತಿಕ್ಕದೆ ಎರಡು ನಿಮಿಷ ಒತ್ತಿ ಹಿಡಿಯುತ್ತಾರೆ.

ಪ್ರಶ್ನೆ: ಮಗನಿಗೆ ಎಂಟು ವರ್ಷ, ಮೂರನೇ ತರಗತಿ. ಬಲಗಾಲು ತುದಿಯಲ್ಲಿ ನಡೆಯುತ್ತಾನೆ. ಎರಡನೇ ತರಗತಿವರೆಗೆ ಓದಿನಲ್ಲಿ ಮುಂದಿದ್ದ, ಈಗ ಲೆಕ್ಕ ಬರುವುದಿಲ್ಲ, ಬರೆಯುವುದು ಮುಗಿಯುವುದಿಲ್ಲ. ಟೀಚರ್ ಸೋಮಾರಿ ಅನ್ನುತ್ತಾರೆ. ಹಳೆಯ ತೊಂದರೆ ಮತ್ತೆ ಹೆಚ್ಚಾಯಿತೇ? - ತಂದೆ, ಹೊನ್ನಾವರ

ಉತ್ತರ: ಹಳೆಯ ಗಾಯ ದೊಡ್ಡದಾಗುವುದಿಲ್ಲ. ಶಾಲೆ ಕೇಳುವ ಕೆಲಸ ದೊಡ್ಡದಾಗಿದೆ. ಅಕ್ಷರ ಗುರುತಿಸಿದರೆ ಸಾಕಾಗಿದ್ದ ಕಡೆ ಈಗ ಕೇಳಿ, ನೆನಪಿಟ್ಟು, ಲೆಕ್ಕ ಕಟ್ಟಿ, ಬರೆಯಬೇಕು, ಎಲ್ಲವೂ ಒಟ್ಟಿಗೆ. ಗಮನ, ವೇಗ, ಕೆಲಸದ ಹೊತ್ತಿನ ನೆನಪು - ಇವುಗಳ ಕೊರತೆ ಈ ವಯಸ್ಸಿನಲ್ಲೇ ಬಯಲಾಗುವುದು. ಸೋಮಾರಿತನ ಎಂಬ ಶಬ್ದವನ್ನು ಟೀಚರ್ ಬಳಿ ಕೂತು ತೆಗೆಸಿಹಾಕಿ. ಕ್ಲಿನಿಕಲ್ ಸೈಕಾಲಜಿಸ್ಟ್‌ರಿಂದ ಪೂರ್ತಿ ಪರೀಕ್ಷೆ ಮಾಡಿಸಿ, ಬರೀ ಐ.ಕ್ಯೂ. ಅಂಕಿ ಒಂದೇ ಸಾಲದು. ಒಮ್ಮೆ ಇ.ಇ.ಜಿ.ಯೂ ಆಗಲಿ.

ಕಣ್ಣಿನ ವಿಷಯ ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ಎಡ ಮಿದುಳಿನ ಹಿಂಭಾಗಕ್ಕೆ ಪೆಟ್ಟಾಗಿದ್ದರೆ ಎರಡೂ ಕಣ್ಣಿನಲ್ಲಿ ಬಲ ಅರ್ಧದ ನೋಟ ಇರುವುದಿಲ್ಲ. ಮಗು ಅದನ್ನು ಹೇಳುವುದಿಲ್ಲ, ಏಕೆಂದರೆ ಅವನ ಲೋಕ ಮೊದಲಿನಿಂದ ಹಾಗೇ ಇದೆ. ಬಾಳೆಲೆಯಲ್ಲಿ ಊಟ ಬಡಿಸಿ ನೋಡಿ: ಎಡಭಾಗ ಖಾಲಿ ಮಾಡಿ ಬಲದ ಪಲ್ಯ ಹಾಗೇ ಬಿಟ್ಟು ಎದ್ದನೇ? ಬಾಗಿಲ ಚೌಕಟ್ಟಿಗೆ ಬಲ ಭುಜ ತಾಗುತ್ತದೆಯೇ? ಸಾಲಿನ ಕೊನೆಯ ಅಂಕಿ ಬಿಟ್ಟು ಕೂಡಿಸುತ್ತಾನೆಯೇ? ಹೌದಾದರೆ ಕಣ್ಣಿನ ವೈದ್ಯರಲ್ಲಿ ನೋಟದ ವ್ಯಾಪ್ತಿಯ ಪರೀಕ್ಷೆ ಮಾಡಿಸಿ. ತರಗತಿಯಲ್ಲಿ ಅವನನ್ನು ಬಲಗಡೆಯ ಬೆಂಚಿನಲ್ಲಿ ಕೂರಿಸಿ, ಆಗ ಬೋರ್ಡ್ ಅವನಿಗೆ ಕಾಣುವ ಎಡಭಾಗಕ್ಕೆ ಬೀಳುತ್ತದೆ. ರಸ್ತೆ ದಾಟುವಾಗ ತಲೆಯನ್ನೇ ಬಲಕ್ಕೆ ತಿರುಗಿಸುವುದು ಅಭ್ಯಾಸವಾಗಬೇಕು.

ಕಾಲಿಗೆ: ಮೂಳೆ ಬೆಳೆಯುವ ವೇಗಕ್ಕೆ ಬಿಗಿಯಾದ ಮೀನಖಂಡ ಬೆಳೆಯುವುದಿಲ್ಲ, ಹಾಗಾಗಿ ಎತ್ತರ ಹೆಚ್ಚಿದ ವರ್ಷವೇ ಹಿಮ್ಮಡಿ ಮೇಲೇರುತ್ತದೆ. ಮಂಡಿ ನೇರವಿಟ್ಟು ಪಾದವನ್ನು ಮೇಲಕ್ಕೆ ಮಡಚಿ 30 ಸೆಕೆಂಡು ಹಿಡಿಯುವುದು, ಐದು ಸಲ, ದಿನಕ್ಕೆ ಎರಡು ಹೊತ್ತು. ಪಾದ ಮಧ್ಯಕ್ಕೆ ಮುರಿದಂತೆ ಬಾಗಬಾರದು, ಹಿಮ್ಮಡಿಯಿಂದ ಹಿಡಿಯಿರಿ. ಇಷ್ಟಕ್ಕೆ ಬಗ್ಗದಿದ್ದರೆ ಎ.ಎಫ್.ಒ. ಎಂಬ, ಪಾದ ಮತ್ತು ಕಣಕಾಲಿಗೆ ತೊಡಿಸುವ ಆಸರೆಯ ಪಟ್ಟಿ, ಬೊಟುಲಿನಮ್ ಚುಚ್ಚುಮದ್ದು, ಪ್ಲಾಸ್ಟರ್ ಇವೆ. ಪಟ್ಟಿ ತೆಗೆದ ಮೇಲೆ ಕೆಂಪು ಗುರುತು ಅರ್ಧ ಗಂಟೆಗೂ ಮಾಸದಿದ್ದರೆ ಅದು ಚಿಕ್ಕದಾಗಿದೆ, ತಿದ್ದಿಸಿ. ಜೂನ್ ಬಂತೆಂದರೆ ಒದ್ದೆ ಕಾಲುಚೀಲದ ಮೇಲೆ ಪಟ್ಟಿ ತೊಟ್ಟು ಬೆರಳ ಸಂದಿ ಕೊಳೆಯುತ್ತದೆ. ದಿನಕ್ಕೆ ಎರಡು ಒಣ ಹತ್ತಿ ಕಾಲುಚೀಲ ಚೀಲದಲ್ಲಿರಲಿ. ಚರ್ಮದ ಬೆಲ್ಟಿಗೆ ಬೂಸ್ಟು ಹಿಡಿಯುತ್ತದೆ, ಕರಾವಳಿಯಲ್ಲಿ ವೆಲ್ಕ್ರೋ ಬೆಲ್ಟೇ ಮೇಲು.

ಅಂಗವೈಕಲ್ಯದ ಯು.ಡಿ.ಐ.ಡಿ. ಕಾರ್ಡಿಗೆ ಅರ್ಜಿ ಹಾಕಿ. 2016ರ ಕಾಯ್ದೆಯಲ್ಲಿ ಸೆರೆಬ್ರಲ್ ಪಾಲ್ಸಿ (ಮಿದುಳಿಗಾದ ಪೆಟ್ಟಿನಿಂದ ಹೀಗೆ ಕೈಕಾಲು ಬಿಗಿಯಾಗುವ ತೊಂದರೆ) ಸೇರಿ 21 ಬಗೆಯ ವೈಕಲ್ಯಗಳಿವೆ, ಹೆಚ್ಚಿನ ಸೌಲಭ್ಯಕ್ಕೆ ಶೇ. 40 ಬೇಕು. ಬೋರ್ಡ್ ಪರೀಕ್ಷೆಯ ಕಾಲಕ್ಕೆ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ, ಬರೆಯುವವರ ನೆರವು ಕೇಳಬಹುದು. ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆಯಲ್ಲಿ ಸೆರೆಬ್ರಲ್ ಪಾಲ್ಸಿಯ ಮಕ್ಕಳಿಗೆ ಒಂದು ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ, ಥೆರಪಿಯ ಖರ್ಚೂ ಅದರಲ್ಲಿ ಸೇರುತ್ತದೆ.

ಪ್ರಶ್ನೆ: ಪ್ರತಿ ಸಲ ಹೊಸ ವೈದ್ಯರು, ಮೊದಲಿಂದ ಹೇಳಬೇಕು. ಏನು ಒಯ್ಯಬೇಕು? - ತಾಯಿ, ಜೊಯಿಡಾ

ಉತ್ತರ: ಹೆರಿಗೆಯ ದಾಖಲೆ, ಐ.ಸಿ.ಯು. ಬಿಡುಗಡೆ ಪತ್ರ, ಎಂ.ಆರ್.ಐ.ಯ ಫಿಲ್ಮ್ ಜೊತೆ ಸಿ.ಡಿ. ಫಿಲ್ಮ್‌ನಲ್ಲಿ ಆಯ್ದ ಚಿತ್ರ ಮಾತ್ರ ಇರುತ್ತದೆ, ಸಿ.ಡಿ.ಯಲ್ಲಿ ಎಲ್ಲವೂ ಇರುತ್ತದೆ. ಸಿ.ಡಿ. ಮಳೆಗಾಲದಲ್ಲಿ ಹಾಳಾಗುವುದರಿಂದ ಸೈಬರ್ ಅಂಗಡಿಯಲ್ಲಿ ಪೆನ್‌ಡ್ರೈವಿಗೂ ಹಾಕಿಸಿ. ಒಂದು ನೋಟ್‌ಬುಕ್ಕಿನಲ್ಲಿ ತೂಕ, ತಲೆಯ ಅಳತೆ, ಮೊದಲು ಮಗುಚಿದ, ಕೂತ, ನಿಂತ, ಮಾತಾಡಿದ ತಿಂಗಳು, ಫಿಟ್ಸ್ ಬಂದ ದಿನ ಮತ್ತು ಎಷ್ಟು ಹೊತ್ತು, ಔಷಧಿಯ ಹೆಸರು, ಮಿಲಿಗ್ರಾಂ, ಬದಲಾದ ತಾರೀಖು ಬರೆಯಿರಿ. ಕೊನೆಯ ಪುಟದಲ್ಲಿ ನೀವು ಕೇಳಬೇಕೆಂದಿರುವ ಮೂರು ಪ್ರಶ್ನೆ. ಬಸ್ಸು ಹತ್ತುವ ಮೊದಲೇ ಬರೆದಿಡಿ, ಕೋಣೆಯೊಳಗೆ ಹೋದ ಮೇಲೆ ನೆನಪಾಗುವುದಿಲ್ಲ.